ಅಜ್ಜಿಯ ಒಲೆಯ ಲೆಕ್ಕ

ಮಕ್ಕಳೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲಕ್ಕೆ ಮೊದಲು ಒಂದು ಗಡಿಬಿಡಿ ಇದ್ದೇ ಇರುತ್ತದೆ. ಮುಂಗಾರು ಹಿಡಿದರೆ ಬಿಸಿಲು ಕಾಣುವುದೇ ಅಪರೂಪ. ಅಷ್ಟರೊಳಗೆ ಒಣ ಸೌದೆ ಕೊಟ್ಟಿಗೆ ಸೇರಬೇಕು. ಅಡುಗೆಗೆ ಗ್ಯಾಸ್ ಬಂದರೂ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆ ಕಾಯುವುದು ಸೌದೆಯಿಂದಲೇ. ಅಜ್ಜಿಯ ಕಾಲದಲ್ಲಂತೂ ಅನ್ನ, ಸಾರು, ಸ್ನಾನದ ನೀರು ಎಲ್ಲಕ್ಕೂ ಅದೇ.

ಆ ಸೌದೆ ಹೊತ್ತವರು ಯಾರು? ಕಣ್ಣಲ್ಲಿ ನೀರು ಸುರಿಸುತ್ತ ಒಲೆ ಊದಿದವರು ಯಾರು? ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಹಾಗಾಗಿ ಯಾರೂ ಅದರ ಲೆಕ್ಕ ಇಡಲಿಲ್ಲ.

ಲೆಕ್ಕ ಇಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿ ರಸಾಯನ ವಿಜ್ಞಾನಿ. ವಿಜ್ಞಾನ ಹಳ್ಳಿಗೂ ಒದಗಲಿ ಎಂದು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದರು. ಅವರ ತಂಡ ‘ಪುರ’ ಎಂಬ ಊರಿಗೆ ಹೋಯಿತು. ಇದು ನಮ್ಮ ನರಸಿಂಹರಾಜಪುರವಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುಟ್ಟ ಹಳ್ಳಿ. ಯಾರು ಎಷ್ಟು ದುಡಿಯುತ್ತಾರೆ, ಎಷ್ಟು ಸೌದೆ ಉರಿಯುತ್ತದೆ ಎಂದು ವಿಚಾರಿಸಿ ಬರೆದುಕೊಂಡರು. ಊರಿನ ಜನರ ದುಡಿಮೆಯನ್ನು ನೂರು ಪಾಲು ಮಾಡಿದರೆ ಹೆಂಗಸರದು 53, ಗಂಡಸರದು 31, ಮಕ್ಕಳದು 16! ಸೌದೆಗೆ, ನೀರಿಗೆ ಅಲೆಯುವ ಮಗುವಿಗೆ ಓದಲು, ಆಡಲು ಹೊತ್ತೆಲ್ಲಿ?

ಲೆಕ್ಕ ಕಾಗದದಲ್ಲೇ ಉಳಿಯಲಿಲ್ಲ. ಸಂಸ್ಥೆಯವರು ‘ಅಸ್ತ್ರ ಒಲೆ’ ರೂಪಿಸಿದರು. ಸೌದೆ ಇಡಲು ಒಂದೇ ಬಾಯಿ, ಮೇಲೆ ಸಾಲಾಗಿ ಮೂರು ಪಾತ್ರೆ. ಕೆಳಗಿನ ಜಾಲರಿಯಿಂದ ಗಾಳಿ ಬಂದು ಸೌದೆ ಚೆನ್ನಾಗಿ ಉರಿಯುತ್ತದೆ. ಮೊದಲ ಪಾತ್ರೆ ಕಾಯಿಸಿದ ಬಿಸಿಯೇ ಮುಂದಿನವನ್ನೂ ಕಾಯಿಸುತ್ತದೆ. ಹೊಗೆ ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತದೆ.

ಪುರದಲ್ಲಿ ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಗ್ಯಾಸ್ ಸಿಗುವಂತಿರಲಿಲ್ಲ. ಅದಕ್ಕೇ 1987ರಲ್ಲಿ ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು. ಮನೆಗಳಿಗೆ ದೀಪವೂ ಬಂತು. ಕೊಡ ಹೊತ್ತು ದೂರ ನಡೆಯುವುದು ತಪ್ಪಿತು.

ಇಂದು ಆಫ್ರಿಕದ ಹಳ್ಳಿಗಳಲ್ಲೂ ಅರ್ಥಶಾಸ್ತ್ರಜ್ಞರು ಇದೇ ಪ್ರಶ್ನೆ ಕೇಳುತ್ತಿದ್ದಾರೆ: ಒಲೆ ಉರಿಯಲು ಮನೆಯಲ್ಲಿ ಯಾರ ಹೊತ್ತು ಹೋಗುತ್ತದೆ?

ಈ ಭಾನುವಾರ ನೀವೂ ಲೆಕ್ಕ ಹಾಕಿ. ಮನೆಯವರೆಲ್ಲರ ಹೆಸರು ಬರೆದು, ಬೆಳಗಿನಿಂದ ರಾತ್ರಿವರೆಗೆ ಯಾರು ಯಾವ ಕೆಲಸ ಎಷ್ಟು ಹೊತ್ತು ಮಾಡಿದರೆಂದು ಗುರುತು ಹಾಕಿ. ಹಿಂದೆ ಹೇಗಿತ್ತೆಂದು ಅಜ್ಜ, ಅಜ್ಜಿ ಇಬ್ಬರನ್ನೂ ಕೇಳಿ. ನಿಮ್ಮ ಹೆಸರಿನ ಮುಂದೆ ಏನೂ ಇಲ್ಲವೇ? ಹಾಗಾದರೆ ಸೋಮವಾರದಿಂದ ಕೊಟ್ಟಿಗೆಯ ಸೌದೆ ಬಚ್ಚಲಿಗೆ ತರುವುದು ನಿಮ್ಮ ಪಾಲಿಗಿರಲಿ. ಅಷ್ಟು ಹೊತ್ತು ಅಜ್ಜಿ ಜಗುಲಿಯಲ್ಲಿ ಕೂತಿರಲಿ.