ಕಣ್ಣೆತ್ತಿ ನೋಡದವರು

ಇಷ್ಟಲಿಂಗ ಪೂಜೆ ನಡೆಯುವ ಮನೆಗಳಲ್ಲಿ ದೃಷ್ಟಿಯ ಮಹತ್ವವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ, ರೆಪ್ಪೆ ಮಿಟುಕಿಸದೆ ಅದರಲ್ಲಿ ನೋಟವನ್ನು ನೆಲೆಗೊಳಿಸುವುದು ನಮಗೆ ಹಿರಿಯರಿಂದ ಬಂದ ಸಾಧನೆ. ದೀಕ್ಷೆಯ ಮೂರು ವಿಧಗಳಲ್ಲಿ ವೇಧಾದೀಕ್ಷೆಯೆಂಬುದು ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು ಕೃಪಾದೃಷ್ಟಿಯಿಂದ ನೋಡುವಾಗ ಆಗುವಂಥದು. ಅಲ್ಲಮಪ್ರಭುಗಳಿಗೆ ಲಿಂಗವನ್ನು ಕರುಣಿಸಿದ ಗುರುವಿನ ಹೆಸರೇ ಅನಿಮಿಷ, ಎಂದರೆ ರೆಪ್ಪೆ ಮುಚ್ಚದವನು. ಇಂಥ ಪರಂಪರೆಯವರಾದ ನಾವು ಎದುರಿಗಿರುವ ಮನುಷ್ಯನ ನೋಟವನ್ನು ಸರಿಯಾಗಿ ಓದುತ್ತಿದ್ದೇವೆಯೇ? ಕಣ್ಣೆತ್ತಿ ನೋಡದವರ ವಿಷಯದಲ್ಲಂತೂ ನಾವು ಅವಸರದ ತೀರ್ಮಾನಕ್ಕೆ ಬರುವುದೇ ಹೆಚ್ಚು.

ನೋಟದ ಸಂಬಂಧ ತೊಟ್ಟಿಲಿಗಿಂತ ಮೊದಲೇ, ತಾಯಿಯ ಮಡಿಲಿನಲ್ಲಿ ಆರಂಭವಾಗುತ್ತದೆ. ಹುಟ್ಟಿದ ಕೂಸಿಗೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು. ಹಾಲು ಕುಡಿಯುವಾಗ ತಾಯಿಯ ಮುಖವಿರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಹುಟ್ಟಿ 2ರಿಂದ 5 ದಿನಗಳಾದ ಶಿಶುಗಳು ಸಹ ಬೇರೆಡೆ ನೋಡುವ ಮುಖಕ್ಕಿಂತ ತಮ್ಮನ್ನೇ ನೋಡುವ ಮುಖವನ್ನು ಹೆಚ್ಚು ಹೊತ್ತು ದಿಟ್ಟಿಸುತ್ತವೆಂದು 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗವೂ ಪ್ರಸಿದ್ಧವಾಗಿದೆ. ಮಗುವಿನೊಡನೆ ನಗುತ್ತಿದ್ದ ತಾಯಿ ಕೆಲವು ನಿಮಿಷ ಯಾವ ಭಾವವನ್ನೂ ತೋರದೆ ಸುಮ್ಮನಿರುತ್ತಾಳೆ. ಮಗು ಮೊದಲು ನಕ್ಕು, ಕೈಚಾಚಿ ಅವಳನ್ನು ಕರೆಯುತ್ತದೆ. ಫಲವಿಲ್ಲದಾಗ ಮುಖ ತಿರುಗಿಸಿಕೊಂಡು ಕಳವಳಗೊಳ್ಳುತ್ತದೆ. ಹಾಲೂಡಿಸುವಾಗಲೂ ಮೊಬೈಲು ನೋಡುವ ಸೊಸೆಯನ್ನು ಅತ್ತೆ ಆಕ್ಷೇಪಿಸಿದರೆ ಅದನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. (ಅತ್ತೆಯ ಕಣ್ಣು ಟಿವಿಯ ಧಾರಾವಾಹಿಯ ಮೇಲಿದ್ದರೆ ಆ ಮಾತು ಬೇರೆ.)

ಮಗು ಬೆಳೆದಂತೆ ನೋಟಕ್ಕೆ ಮರ್ಯಾದೆಯ ಕಟ್ಟಳೆಗಳು ಬರುತ್ತವೆ. ಸ್ವಾಮಿಗಳ ಮುಂದೆ, ಹಿರಿಯರ ಮುಂದೆ ಕಣ್ಣು ತಗ್ಗಿಸಿ ನಿಲ್ಲಬೇಕೆಂದು ನಾವೇ ಕಲಿಸುತ್ತೇವೆ. ತಪ್ಪು ಮಾಡಿದ ದಿನ "ನನ್ನ ಮುಖ ನೋಡಿ ಮಾತಾಡು" ಎಂದು ಗದರಿಸುವವರೂ ನಾವೇ. ನೋಡಿದನೋ, "ನನಗೇ ಕಣ್ಣು ಬಿಡ್ತೀಯಾ?" ಎನ್ನುತ್ತೇವೆ. ಪಾಪ, ಆ ಹುಡುಗ ಎತ್ತ ನೋಡಬೇಕು? ಹೀಗೆ ಬೆಳೆದವನು ಪದವಿ ಮುಗಿಸಿ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕುಳಿತಾಗ, ಅವನ ತಗ್ಗಿದ ಕಣ್ಣು ಅಳುಕಿನಂತೆ, ಕೆಲವೊಮ್ಮೆ ಕಪಟದಂತೆ ಕಾಣುವುದುಂಟು. ಕಣ್ಣು ತಪ್ಪಿಸುವವನು ಸುಳ್ಳು ಹೇಳುತ್ತಾನೆಂಬ ನಂಬಿಕೆಗೆ ಸಂಶೋಧನೆಗಳಲ್ಲಿ ಬಲವಾದ ಆಧಾರ ದೊರೆತಿಲ್ಲ. ಕಠಿಣ ಪ್ರಶ್ನೆಗೆ ಉತ್ತರ ಯೋಚಿಸುವಾಗ ಎಲ್ಲರೂ ಸಹಜವಾಗಿಯೇ ಅತ್ತಿತ್ತ ನೋಡುತ್ತಾರೆ. ಎವೆಯಿಕ್ಕದೆ ದಿಟ್ಟಿಸುವುದೂ ಹಿತವಲ್ಲ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದ ಸುಮಾರು 500 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತರ ನೇರನೋಟ ಹಿತವೆನಿಸಿದ್ದು ಸರಾಸರಿ 3 ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲ. ಸಂದರ್ಶನಕ್ಕೆ ಹೊರಟ ಮಕ್ಕಳಿಗೆ ಇಷ್ಟು ತಿಳಿಸಿದರೆ ಸಾಕು, ಧೈರ್ಯದ ಉಪನ್ಯಾಸ ಬೇಡ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹತ್ತು ಜೊತೆ ಕಣ್ಣುಗಳು ಒಬ್ಬಳ ಮೇಲಿರುತ್ತವೆ, ಅವಳು ಮಾತ್ರ ತಲೆ ಎತ್ತಬಾರದು. ಅಲ್ಲಮರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದ ಅಕ್ಕಮಹಾದೇವಿಯನ್ನು ಪೂಜಿಸುವ ಮನೆಗಳಿಗೆ ಇದು ಒಪ್ಪುವಂಥದಲ್ಲ.

ಇವೆಲ್ಲಕ್ಕಿಂತ ಹೆಚ್ಚಿನ ಅನ್ಯಾಯ ಆಗುತ್ತಿರುವುದು ಇನ್ನೊಂದು ಬಗೆಯ ಮಕ್ಕಳಿಗೆ. ಹೆಸರು ಹಿಡಿದು ಕರೆದರೂ ತಿರುಗದ, ಬೆರಳು ತೋರಿದತ್ತ ನೋಡದ, ಕಣ್ಣಿಗೆ ಕಣ್ಣು ಸೇರಿಸದ ಕೂಸನ್ನು ಕಂಡು "ಹಟಮಾರಿ" ಎನ್ನುವವರುಂಟು, ದೃಷ್ಟಿ ತಾಗಿತೆಂದು ನಿವಾಳಿಸುವವರುಂಟು, "ಇವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು" ಎಂದು ಸಮಾಧಾನ ಹೇಳುವವರುಂಟು. ಈ ಸಮಾಧಾನದಲ್ಲಿಯೇ ಅಮೂಲ್ಯವಾದ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಇವು ಆಟಿಸಂನ ಲಕ್ಷಣಗಳಿರಬಹುದು. ಕಿವಿಯ ಅಥವಾ ಕಣ್ಣಿನ ದೋಷವೂ ಇರಬಹುದು. ಒಂದೂವರೆ ವರ್ಷವಾದರೂ ಮಗು ಹೀಗೆಯೇ ಇದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ಮಕ್ಕಳ ತಪಾಸಣೆಗೆ ವ್ಯವಸ್ಥೆಯಿದೆ. ಇದು ತಾಯಿತಂದೆಯರ ಸಾಕಣೆಯ ದೋಷವಲ್ಲ, ಯಾರ ಕರ್ಮಫಲವೂ ಅಲ್ಲ.

ಆಟಿಸಂ ಇರುವ ಅನೇಕರಿಗೆ ಪರರ ಕಣ್ಣುಗಳನ್ನು ನೋಡುವುದೇ ಸಂಕಟದ ಕೆಲಸ. ಗಲ್ಲ ಹಿಡಿದು ಮುಖ ತಿರುಗಿಸಿದರೆ ಆ ಸಂಕಟ ಹೆಚ್ಚುತ್ತದೆಯೇ ಹೊರತು ಮಮತೆ ಬೆಳೆಯದು. ಅವರೆದುರು ಕೂರದೆ ಪಕ್ಕದಲ್ಲಿ, ಅವರಷ್ಟೇ ಎತ್ತರಕ್ಕೆ ನೆಲದ ಮೇಲೆ ಕುಳಿತು, ಅವರು ಹಿಡಿದ ಆಟಿಕೆಯನ್ನೇ ತಾವೂ ನೋಡುತ್ತ ಮಾತನಾಡಬಹುದು. ಎಷ್ಟೋ ಮಕ್ಕಳು ನಮ್ಮ ಮುಖ ನೋಡದೆಯೇ ನಾವು ಹೇಳಿದ್ದನ್ನು ಕೇಳಿಸಿಕೊಂಡಿರುತ್ತಾರೆ.