ದಿವಾಳಿಯ ದಾರಿಯೂ ಇಲ್ಲದ ಸಾಲ

ಅಮೆರಿಕದಲ್ಲಿ ವ್ಯಾಪಾರಕ್ಕಿಳಿದು ಕೈಸುಟ್ಟುಕೊಂಡವರಿಗೆ, ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಮುಳುಗಿದವರಿಗೆ, ಆಸ್ಪತ್ರೆಯ ಬಿಲ್ಲು ಕಟ್ಟಲಾಗದೆ ಬೀದಿಗೆ ಬಿದ್ದವರಿಗೆ ಕೊನೆಗೊಂದು ಬಾಗಿಲು ತೆರೆದಿರುತ್ತದೆ. ಅದು ದಿವಾಳಿ ನ್ಯಾಯಾಲಯದ್ದು. ಇದ್ದದ್ದನ್ನು ಲೆಕ್ಕಕ್ಕೆ ಒಪ್ಪಿಸಿ, ಉಳಿದ ಸಾಲದಿಂದ ಬಿಡುಗಡೆ ಪಡೆದು, ಹೊಸದಾಗಿ ಬದುಕು ಕಟ್ಟಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಇದರಲ್ಲಿ ದೊಡ್ಡವರಿಗೂ ಸಂಕೋಚವಿಲ್ಲ. ಅಟ್ಲಾಂಟಿಕ್ ಸಿಟಿಯಲ್ಲಿ ಡೊನಾಲ್ಡ್ ಟ್ರಂಪ್ ತೆರೆದ ತಾಜ್‌ಮಹಲ್ ಹೆಸರಿನ ಕ್ಯಾಸಿನೊ ಮರುವರ್ಷವೇ, 1991ರಲ್ಲಿ, ಇದೇ ಕಾನೂನಿನ ಆಸರೆ ಪಡೆಯಿತು. ಕಾಲೇಜು ಓದಲೆಂದು ಸರ್ಕಾರದ ಮುಂದೆ ಕೈಯೊಡ್ಡಿದವರಿಗೆ ಮಾತ್ರ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ಅಂಥವರು ಸುಮಾರು 4.3 ಕೋಟಿ ಜನ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಅವರಿಂದ ಬರಬೇಕಾದ ಬಾಕಿ 1.6 ಲಕ್ಷ ಕೋಟಿ ಡಾಲರಿಗೂ ಹೆಚ್ಚು. ಈ ಸಾಲವನ್ನು ಮನ್ನಾ ಮಾಡಬೇಕೇ ಬೇಡವೇ ಎಂಬ ಜಗಳ ಹಲವು ವರ್ಷಗಳಿಂದ ನಡೆದಿದೆ. ಜಗಳವಾಡುವ ಎರಡೂ ಕಡೆಯವರು ಮುಚ್ಚಿದ ಆ ಬಾಗಿಲಿನ ಕಡೆ ಸಾಕಷ್ಟು ನೋಡಿಲ್ಲ ಎಂಬುದು ನನ್ನ ವಾದ.

ಸಾಲ ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿತು. ವಿಜ್ಞಾನ ಓದುವ ಮಕ್ಕಳು ಬೇಕೆಂದು ಮರುವರ್ಷವೇ ಸರ್ಕಾರಿ ಸಾಲದ ಕಾನೂನು ಬಂತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಓದಿದ ಕಾಲೇಜಿಗೇ ಹೋಗಿ ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಬಡವರ ಮಕ್ಕಳಿಗೆ ಮುಖ್ಯ ಆಸರೆ ತೀರಿಸಬೇಕಿಲ್ಲದ ಸಹಾಯಧನ, ಸಾಲ ಅದರ ಮೇಲಿನ ಚೂರುಪಾರು ಎಂಬ ಲೆಕ್ಕ ಆಮೇಲಿನ ವರ್ಷಗಳಲ್ಲಿ ಬೆಳೆಯಿತು. ಪೆಲ್ ಗ್ರ್ಯಾಂಟ್ ಎಂಬ ಆ ಸಹಾಯಧನದ ಗರಿಷ್ಠ ಮೊತ್ತ 1970ರ ದಶಕದ ನಡುವಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಖರ್ಚಿನ ಮುಕ್ಕಾಲು ಪಾಲನ್ನು ಭರಿಸುತ್ತಿತ್ತು. ಈಗ ಅದು ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರಗಳು ತಮ್ಮ ವಿಶ್ವವಿದ್ಯಾಲಯಗಳಿಗೆ ಕೊಡುವ ಅನುದಾನ ಕಡಿತಗೊಳಿಸಿದವು, ಶುಲ್ಕ ಏರಿತು. ಆ ಹೊರೆ ಹದಿನೆಂಟು ವರ್ಷದ ಹುಡುಗ ಹುಡುಗಿಯರ ಸಹಿಯ ಮೇಲೆ ಬಂದು ಕೂತಿತು.

ಸಾಲ ಹೀಗೆ ಬೆಳೆಯುವ ಹೊತ್ತಿಗೇ ಅದರಿಂದ ಹೊರಬರುವ ದಾರಿಗಳು ಒಂದೊಂದಾಗಿ ಕಿರಿದಾದವು. 1976ರವರೆಗೆ ವಿದ್ಯಾರ್ಥಿ ಸಾಲವೂ ಬೇರೆ ಸಾಲಗಳಂತೆ ದಿವಾಳಿಯಲ್ಲಿ ತೀರುತ್ತಿತ್ತು. ಪದವಿ ಸಿಕ್ಕ ಮಾರನೇ ದಿನ ಹುಡುಗರು ನ್ಯಾಯಾಲಯಕ್ಕೆ ಓಡಿ ಸಾಲ ಹಾರಿಸುತ್ತಿದ್ದಾರೆ ಎಂಬ ಗುಲ್ಲು ಆಗ ಎದ್ದಿತ್ತು. ಲೆಕ್ಕ ತೆಗೆದು ನೋಡಿದರೆ ಹಾಗೆ ತೀರಿದ್ದು ಒಟ್ಟು ಸಾಲದ ಶೇಕಡಾ ಒಂದಕ್ಕೂ ಕಡಿಮೆ. ಗುಲ್ಲು ಗೆದ್ದಿತು. ಮೊದಲು ಐದು ವರ್ಷ ಕಾಯಬೇಕೆಂದಾಯಿತು, 1990ರಲ್ಲಿ ಅದು ಏಳಾಯಿತು. 1998ರಲ್ಲಿ ಕಾಯುವ ಮಾತನ್ನೇ ತೆಗೆದುಹಾಕಿ, ‘ಅತೀವ ಸಂಕಷ್ಟ’ ಸಾಬೀತುಪಡಿಸಿದವರಿಗೆ ಮಾತ್ರ ಬಿಡುಗಡೆ ಎಂದರು. ಈಗಿನ ಸ್ಥಿತಿಯಲ್ಲಿ ಕನಿಷ್ಠ ಬದುಕೂ ಸಾಗದು, ಮುಂದೆಯೂ ಸಾಗದು, ತಾನು ಪ್ರಾಮಾಣಿಕವಾಗಿ ಕಟ್ಟಲು ಯತ್ನಿಸಿದ್ದೇನೆ ಎಂಬ ಮೂರನ್ನೂ ತೋರಿಸಬೇಕೆಂದು ನ್ಯಾಯಾಲಯವೊಂದು 1987ರಲ್ಲೇ ಅಳತೆಗೋಲು ಹಾಕಿಕೊಟ್ಟಿತ್ತು. ವಕೀಲರಿಗೆ ಕೊಡಲು ದುಡ್ಡಿಲ್ಲದ ದಿವಾಳಿಗಾರ ಸರ್ಕಾರದ ವಕೀಲರೆದುರು ಇಷ್ಟನ್ನು ಸಾಬೀತುಮಾಡುವುದು ಹೇಗೋ! ಬಹುಪಾಲು ಜನ ಪ್ರಯತ್ನವನ್ನೇ ಮಾಡಲಿಲ್ಲ. 2005ರಲ್ಲಿ ಖಾಸಗಿ ಬ್ಯಾಂಕುಗಳ ವಿದ್ಯಾರ್ಥಿ ಸಾಲಕ್ಕೂ ಇದೇ ರಕ್ಷಣೆ ಸಿಕ್ಕಿತು. ಅಷ್ಟರಲ್ಲಿ, 1991ರಲ್ಲಿ, ಸರ್ಕಾರಿ ಸಾಲದ ವಸೂಲಿಗಿದ್ದ ಕಾಲಮಿತಿಯೂ ರದ್ದಾಗಿತ್ತು. ಸುಸ್ತಿದಾರರ ಸಂಬಳದಲ್ಲಿ ಶೇ. 15ರವರೆಗೆ ಮುರಿದುಕೊಳ್ಳಲು ಸರ್ಕಾರಕ್ಕೆ ನ್ಯಾಯಾಲಯದ ಆದೇಶವೂ ಬೇಕಿಲ್ಲ. ವಯಸ್ಸಾದವರ ಸಾಮಾಜಿಕ ಭದ್ರತೆಯ ಹಣದಿಂದಲೂ ಹತ್ತು ವರ್ಷ ಮೀರಿದ ಹಳೇ ವಿದ್ಯಾರ್ಥಿ ಸಾಲವನ್ನು ಹಿಡಿದುಕೊಳ್ಳಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಇದಕ್ಕೆ ಬಡ್ಡಿಯ ಆಟವನ್ನು ಸೇರಿಸಿ ನೋಡಿ. 30,000 ಡಾಲರ್ ಸಾಲಕ್ಕೆ ಶೇ. 6ರಂತೆ ತಿಂಗಳಿಗೆ ಬಡ್ಡಿಯೇ 150 ಡಾಲರ್. ಆದಾಯ ಕಡಿಮೆ ಎಂದು ಸರ್ಕಾರ ಕಂತನ್ನು 100 ಡಾಲರಿಗೆ ಇಳಿಸಿದರೆ ಒಂದೂ ಕಂತು ತಪ್ಪಿಸದವರ ಬಾಕಿಯೂ ತಿಂಗಳಿಗೆ 50 ಡಾಲರ್ ಏರುತ್ತ ಹೋಗುತ್ತದೆ. ಹತ್ತು ವರ್ಷ ಕಟ್ಟಿದ ಮೇಲೂ ಪಡೆದದ್ದಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡವರ ಕಥೆಗಳ ಹಿಂದೆ ಇರುವುದು ಈ ಸರಳ ಲೆಕ್ಕ. ಸುಸ್ತಿಯಾಗುವವರು ಯಾರು ಎಂಬುದು ಇನ್ನೂ ಆಶ್ಚರ್ಯದ ಸಂಗತಿ. ಎರಡು ಲಕ್ಷ ಡಾಲರ್ ಸಾಲ ಹೊತ್ತ ವೈದ್ಯರು ಸುದ್ದಿಯಾಗುತ್ತಾರೆ, ಆದರೆ ಅವರು ಸಾಮಾನ್ಯವಾಗಿ ತೀರಿಸುತ್ತಾರೆ. ಕಂತು ತಪ್ಪುವುದು ಹೆಚ್ಚಾಗಿ ಹತ್ತು ಸಾವಿರ ಡಾಲರಿಗೂ ಕಡಿಮೆ ಸಾಲ ಇರುವವರದ್ದು. ಒಂದೆರಡು ವರ್ಷ ಓದಿ, ಮನೆಯ ತಾಪತ್ರಯಕ್ಕೋ ಕೆಲಸಕ್ಕೋ ಕಾಲೇಜು ಬಿಟ್ಟವರು ಇವರು. ಕೈಗೆ ಪದವಿ ಬರಲಿಲ್ಲ, ಸಾಲ ಮಾತ್ರ ಬಂತು. ದಿವಾಳಿ ಕಾನೂನು ಹುಟ್ಟಿದ್ದೇ ಇಂಥವರಿಗಾಗಿ.

ಈ ದಾರಿ ಮುಚ್ಚಿದ್ದರಿಂದ ಸರ್ಕಾರಗಳು ಮನ್ನಾ ಎಂಬ ಕಿಂಡಿಗಳನ್ನು ಕೊರೆಯುತ್ತ ಬಂದವು. 2007ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾನೂನಿನಂತೆ ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ಹತ್ತು ವರ್ಷ, ಅಂದರೆ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. 2017ರಲ್ಲಿ ಮೊದಲ ತಂಡಕ್ಕೆ ಅರ್ಹತೆ ಬಂದಾಗ ಸುಮಾರು ಶೇ. 99ರಷ್ಟು ಅರ್ಜಿಗಳು ತಿರಸ್ಕೃತವಾದವು. ಸಾಲದ ಬಗೆ ಸರಿಯಿಲ್ಲ, ಕಂತಿನ ಯೋಜನೆ ಸರಿಯಿಲ್ಲ ಎಂಬಂಥ ಕಾರಣಗಳು ಅದಕ್ಕೆ. ಲಾಭಕ್ಕಾಗಿ ಕಾಲೇಜು ನಡೆಸುತ್ತಿದ್ದ ಕೊರಿಂಥಿಯನ್ ಎಂಬ ಸಂಸ್ಥೆ ಉದ್ಯೋಗದ ಸುಳ್ಳು ಅಂಕಿಅಂಶ ತೋರಿಸಿ 2015ರಲ್ಲಿ ಮುಚ್ಚಿಹೋಯಿತು. ಅಲ್ಲಿ ಓದಿದ 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲ ರದ್ದಾಗಲು 2022ರವರೆಗೆ ಕಾಯಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಜೋ ಬೈಡನ್ ದೊಡ್ಡ ಕಿಂಡಿಗೇ ಕೈಹಾಕಿದರು: ವರ್ಷಕ್ಕೆ 1.25 ಲಕ್ಷ ಡಾಲರಿಗಿಂತ ಕಡಿಮೆ ಆದಾಯದವರಿಗೆ 10,000 ಡಾಲರ್, ಪೆಲ್ ಗ್ರ್ಯಾಂಟ್ ಪಡೆದಿದ್ದವರಿಗೆ 20,000 ಡಾಲರ್‌ವರೆಗೆ ಮನ್ನಾ. ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿದ ವೆಚ್ಚ ಸುಮಾರು 40,000 ಕೋಟಿ ಡಾಲರ್. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಅದನ್ನು ಹೊಡೆದುಹಾಕಿತು. ತುರ್ತುಸ್ಥಿತಿಯಲ್ಲಿ ನಿಯಮ ಸಡಿಲಿಸಲು ಕೊಟ್ಟ 2003ರ ಅಧಿಕಾರ ಇಷ್ಟು ದೊಡ್ಡ ಮನ್ನಾಕ್ಕೆ ಸಾಲದು ಎಂಬುದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪಿನ ಸಾರ. ತೀರ್ಪು ಕಠಿಣ ಅನ್ನಿಸಬಹುದು. ಆದರೆ ಒಬ್ಬ ಅಧ್ಯಕ್ಷರ ಸಹಿಯಿಂದ ಬರುವ ಮನ್ನಾ ಇನ್ನೊಬ್ಬ ಅಧ್ಯಕ್ಷರು ಬಂದಾಗ ಹೋಗಬಹುದಾದದ್ದು, ಅದನ್ನು ನಂಬಿ ಬದುಕು ಯೋಜಿಸಲಾಗದು.

ಮನ್ನಾ ವಿರೋಧಿಗಳ ಮಾತುಗಳನ್ನು ಸ್ವಾರ್ಥ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಲೇಜು ಮೆಟ್ಟಿಲು ಹತ್ತದ ಲಾರಿ ಚಾಲಕರ ತೆರಿಗೆಯಿಂದ ವಕೀಲರ ಸಾಲ ತೀರಿಸುವುದೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಒಟ್ಟು ಸಾಲದಲ್ಲಿ ದೊಡ್ಡ ಪಾಲು ಸ್ನಾತಕೋತ್ತರ ಹಾಗೂ ವೃತ್ತಿಪರ ಪದವಿ ಓದಿದವರದ್ದು, ಅವರ ಜೀವಮಾನದ ಗಳಿಕೆಯೂ ಹೆಚ್ಚು. ಮಿತಿಯಿಲ್ಲದೆ ಎಲ್ಲರ ಸಾಲ ಅಳಿಸಿದರೆ ಲಾಭ ಮೇಲಿನವರ ಕಡೆಗೇ ಹರಿಯುತ್ತದೆ. ಇನ್ನೊಂದು ಆಕ್ಷೇಪ ನಮಗೂ ಪರಿಚಿತ. 2018ರಲ್ಲಿ ಕರ್ನಾಟಕದಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾದಾಗಲೂ ನಿಯತ್ತಾಗಿ ಕಟ್ಟಿದವನೇ ಪೆದ್ದನಾದ ಎಂಬ ಮಾತು ಹಳ್ಳಿಕಟ್ಟೆಗಳಲ್ಲಿ ಕೇಳಿಬಂದಿತ್ತು. ಹೊಟ್ಟೆಬಟ್ಟೆ ಕಟ್ಟಿ ಸಾಲ ತೀರಿಸಿದ ಅಮೆರಿಕನ್ನರ ಸಿಟ್ಟೂ ಅದೇ. ಆದರೆ ಇವೆರಡೂ ಆಕ್ಷೇಪಗಳು ತಗಲುವುದು ಒಂದು ದಿನಾಂಕ ಗೊತ್ತುಮಾಡಿ ಎಲ್ಲರ ಮೇಲೂ ಸುರಿಯುವ ಮನ್ನಾಕ್ಕೆ. ದಿವಾಳಿ ನ್ಯಾಯಾಲಯ ಒಬ್ಬೊಬ್ಬರ ಆದಾಯ, ಆಸ್ತಿ, ಅವಲಂಬಿತರನ್ನು ನೋಡಿ ನಿರ್ಧರಿಸುತ್ತದೆ. ಒಳ್ಳೆಯ ಸಂಬಳದ ವಕೀಲರು ಅಲ್ಲಿ ಸುಲಭವಾಗಿ ದಾಟಲಾರರು. ಕಟ್ಟಬಲ್ಲವರು ಕಟ್ಟುತ್ತಾರೆ, ಕಟ್ಟಲಾರದವರು ತಮ್ಮ ಆರ್ಥಿಕ ಹೆಸರು ಕೆಡಿಸಿಕೊಂಡು ಹೊರಬರುತ್ತಾರೆ. ಅದನ್ನು ಉಡುಗೊರೆ ಎಂದು ಯಾರೂ ಕರೆಯರು.

ಮೂರನೆಯದು ಶುಲ್ಕದ ಆಕ್ಷೇಪ. ಸರ್ಕಾರ ಸಾಲ ಕೊಡುತ್ತ ಹೋದಷ್ಟೂ ಕಾಲೇಜುಗಳು ಶುಲ್ಕ ಏರಿಸುತ್ತವೆ ಎಂದು 1987ರಲ್ಲಿ ಆಗಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಬರೆದಿದ್ದರು. ಅರ್ಥಶಾಸ್ತ್ರಜ್ಞರು ಇದರ ಬಗ್ಗೆ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆದರೂ 2006ರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಾಲೇಜು ಹೇಳಿದಷ್ಟು ಖರ್ಚಿಗೆಲ್ಲ ಸಾಲ ಕೊಟ್ಟದ್ದು ಜಾಣತನವಾಗಿರಲಿಲ್ಲ. ಇಲ್ಲಿರುವ ದೋಷವೂ ಮೊದಲಿನದೇ: ಸಾಲ ಮುಳುಗಿದರೆ ನಷ್ಟ ಹೊರುವವರು ವಿದ್ಯಾರ್ಥಿ ಮತ್ತು ತೆರಿಗೆದಾರರು, ಶುಲ್ಕ ಎಣಿಸಿಕೊಂಡ ಕಾಲೇಜಿಗೆ ಬಹುಮಟ್ಟಿಗೆ ಏನೂ ಆಗದು. ದಿವಾಳಿಯಲ್ಲಿ ತೀರಿದ ಸಾಲದ ಒಂದು ಪಾಲನ್ನು ಕಾಲೇಜೇ ಭರಿಸಬೇಕು ಎಂದಾದರೆ ಪದವಿ ಮಾರುವವರ ನಾಲಿಗೆಗೂ ಕಡಿವಾಣ ಬೀಳುತ್ತದೆ. ಪದವಿ ಪಡೆದ ಹೊಸತರಲ್ಲಿ ಎಲ್ಲರೂ ಕೈಯಲ್ಲಿ ಆಸ್ತಿಯಿಲ್ಲದವರೇ, ಆಗಲೇ ದಿವಾಳಿ ಎಂದುಬಿಟ್ಟರೆ ಎಂದು ಕೇಳುವವರಿಗೆ ಕೆಲವು ವರ್ಷಗಳ ಕಾಯುವಿಕೆಯ ಷರತ್ತು ಸಾಕು. 1998ರ ಮುಂಚೆ ಇದ್ದದ್ದು ಅದೇ ತಾನೇ? ಆಸ್ಟ್ರೇಲಿಯದ ದಾರಿ ಬೇರೆ. 1989ರಿಂದ ಅಲ್ಲಿ ಕಂತನ್ನು ತೆರಿಗೆ ಇಲಾಖೆಯೇ ಆದಾಯ ನೋಡಿ ಹಿಡಿಯುತ್ತದೆ, ಆದಾಯ ಮಿತಿಗಿಂತ ಕಡಿಮೆಯಾದರೆ ಏನೂ ಹಿಡಿಯದು. ಅಲ್ಲಿಯೂ 2025ರಲ್ಲಿ ಬಾಕಿ ಸಾಲದ ಶೇ. 20ರಷ್ಟನ್ನು ಇಳಿಸಬೇಕಾಯಿತು ಎಂಬುದನ್ನು ಆ ಪದ್ಧತಿಯ ಅಭಿಮಾನಿಗಳು ಮರೆಯಬಾರದು.

ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ಕಾನೂನು ಸಾಲ ಹುಟ್ಟುವ ಕಡೆ ಬಿಗಿ ಮಾಡಿದೆ. 2026ರ ಜುಲೈಯಿಂದ ಹೊಸ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಟ್ಟು ಒಂದು ಲಕ್ಷ ಡಾಲರ್, ವೈದ್ಯಕೀಯದಂಥ ವೃತ್ತಿಪರ ಪದವಿಗೆ ಎರಡು ಲಕ್ಷ ಡಾಲರ್ ಮಿತಿ. ಆದಾಯ ನೋಡಿ ಕಂತು ಕಟ್ಟುವ ಹೊಸ ಯೋಜನೆಯಲ್ಲಿ ಮನ್ನಾ ಬೇಕಾದರೆ 30 ವರ್ಷ ಕಟ್ಟಬೇಕು. (ನಮ್ಮಿಂದ ಹೋಗುವ ವಿದ್ಯಾರ್ಥಿಗಳಿಗೆ ಇದು ನೇರವಾಗಿ ತಟ್ಟದು. ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಕೇಂದ್ರ ಸರ್ಕಾರದ ಸಾಲವೇ ಸಿಗುವುದಿಲ್ಲ. ಅಪ್ಪನ ಸೈಟೋ ಮನೆಯೋ ಇಲ್ಲಿನ ಬ್ಯಾಂಕಿನಲ್ಲಿ ಅಡವಿದ್ದರೆ ವಾಷಿಂಗ್ಟನ್ನಿನ ಯಾವ ಮನ್ನಾವೂ ಅದನ್ನು ಬಿಡಿಸದು.) ಮಿತಿ ಹಾಕಿದ್ದು ಸರಿ. ಆದರೆ ಮಿತಿ ದಾಟಿ ದುಡ್ಡು ಬೇಕಾದವರು ಸಾಲ ಕೊಡುವ ಖಾಸಗಿಯವರ ಬಳಿಗೇ ಹೋಗುತ್ತಾರೆ, ಆ ಸಾಲ ಕೊಡುವವರಿಗೆ 2005ರ ಕಾನೂನಿನ ರಕ್ಷಣೆ ಹಾಗೇ ಉಳಿದಿದೆ. ಹತ್ತು ವರ್ಷ ಕಳೆದ ಸರ್ಕಾರಿ ಸಾಲಕ್ಕೆ ದಿವಾಳಿಯ ಅವಕಾಶ ಮರಳಿಸಿ, ನಷ್ಟದಲ್ಲಿ ಕೆಲವು ಕಾಲೇಜುಗಳನ್ನೂ ಪಾಲುಗೊಳಿಸುವ ಮಸೂದೆಯೊಂದನ್ನು 2021ರಲ್ಲಿ ಡೆಮಾಕ್ರಟಿಕ್ ಪಕ್ಷದ ಡಿಕ್ ಡರ್ಬಿನ್ ಮತ್ತು ರಿಪಬ್ಲಿಕನ್ ಪಕ್ಷದ ಜಾನ್ ಕಾರ್ನಿನ್ ಸೆನೆಟ್‌ನಲ್ಲಿ ಜೊತೆಯಾಗಿ ಮಂಡಿಸಿದ್ದರು. ಎರಡು ಪಕ್ಷಗಳೂ ಕೂಡಿ ತಂದ ಆ ಮಸೂದೆ ಕಾನೂನಾಗಲಿಲ್ಲ.