ಬಯಲುಸೀಮೆಯಲ್ಲೊಂದು ಕಿರುಗಡಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾದವು. ತೆಂಗು ಮೂಲತಃ ಕಡಲ ಕರೆಯ ಮರ. ಅದರ ಕಾಯಿ ನಾರಿನ ಹೊದಿಕೆಯ ಬಲದಿಂದ ಉಪ್ಪುನೀರಿನ ಮೇಲೆ ಬಹುದಿನ ತೇಲಿ, ದೂರದ ದಡವನ್ನು ಸೇರಿ ಮೊಳೆಯಬಲ್ಲುದು. ಅಂಥ ಮರವನ್ನು ಸಮುದ್ರಮಟ್ಟಕ್ಕಿಂತ ೮೦೦ ಮೀಟರಿಗೂ ಎತ್ತರವಾದ, ಮಳೆ ಕಡಮೆಯ ಬಯಲಿಗೆ ತಂದು, ಕೆರೆ ಬಾವಿಗಳ ನೀರನ್ನುಣಿಸಿ, ಬುಡಕ್ಕೆ ಉಪ್ಪನ್ನಿಕ್ಕಿ ಬೆಳೆಸಿದವರು ನಮ್ಮ ಹಿರಿಯರು. ಬುಡಕ್ಕೆ ಉಪ್ಪು ಹಾಕುವ ವಾಡಿಕೆಯನ್ನು ಕಂಡು ನಗುವವರುಂಟು; ಆದರೆ ಕ್ಲೋರೈಡು ತೆಂಗಿಗೆ ಅಗತ್ಯವಾದ ಆಹಾರಾಂಶವೆಂಬುದನ್ನು ಕೃಷಿವಿಜ್ಞಾನವು ಒಪ್ಪಿದೆ. ಹೀಗೆ ಕಡಲಿನ ಒಂದಂಶವನ್ನು ಒಳನಾಡಿಗೆ ತಂದು ಬದುಕಿಸುವುದು ಈ ಸೀಮೆಗೆ ತೀರ ಹೊಸ ಸಾಹಸವೇನಲ್ಲ.

ಇತಿಹಾಸದ ಅಧ್ಯಾಪಕರಿಗೆ ಮೀನಿನ ತೊಟ್ಟಿಯಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಹಿಂದೂ ಮಹಾಸಾಗರದ ವಾಣಿಜ್ಯವನ್ನು ಕುರಿತು ಪಾಠ ಹೇಳುವಾಗ ಕವಡೆ, ಶಂಖ, ಮುತ್ತು, ಹವಳಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ವಸ್ತುಗಳನ್ನು ಕಂಡವರೇ ಹೊರತು ಅವು ಹುಟ್ಟುವ ನೀರನ್ನು ಕಂಡವರಲ್ಲ. ಮಂಗಳೂರಿನ ಕಡಲು ತಿಪಟೂರಿಗೆ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಆದಕಾರಣ ಪಾಠದ ಕೊಠಡಿಯಲ್ಲಿಯೇ ಉಪ್ಪುನೀರಿನ ಚಿಕ್ಕ ಮತ್ಸ್ಯಾಗಾರವೊಂದನ್ನು ಇರಿಸಲು ನಾವು ಮನಸ್ಸು ಮಾಡಿದೆವು. ಮೊದಲ ಪ್ರಯತ್ನ ಕೆಟ್ಟಿತು. ಸೋಮವಾರ ತೊಟ್ಟಿಯನ್ನು ತುಂಬಿಸಿ ಬುಧವಾರ ನಾಲ್ಕು ಮೀನುಗಳನ್ನು ಬಿಟ್ಟೆವು. ಮುಂದಿನ ಬುಧವಾರದ ಹೊತ್ತಿಗೆ ನಾಲ್ಕೂ ಸತ್ತಿದ್ದವು. ನೀರು ಕನ್ನಡಿಯಂತೆ ತಿಳಿಯಾಗಿತ್ತು, ಆಹಾರಕ್ಕೆ ಕೊರತೆಯಿರಲಿಲ್ಲ. ತಪ್ಪು ಎಲ್ಲಿತ್ತೆಂಬುದನ್ನು ಅರಸಿ ಹೊರಟಾಗ ದೊರೆತ ಸಂಗತಿಗಳನ್ನು, ಇಂಥ ಕಾರ್ಯಕ್ಕೆ ಕೈಯಿಕ್ಕುವವರ ಉಪಯೋಗಕ್ಕಾಗಿ, ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಮನೆಯೊಳಗೆ ಕಡಲನ್ನು ಇರಿಸಿಕೊಳ್ಳುವ ಹವ್ಯಾಸಕ್ಕೆ ಇನ್ನೂ ಎರಡು ಶತಮಾನ ತುಂಬಿಲ್ಲ. ೧೮೪೬ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿಯ ತೀರದಿಂದ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿಗೆ ತಂದು, ನೀರಿಗೆ ಗಾಳಿ ಕೂಡಲೆಂದು ಅದನ್ನು ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತ, ಅವನ್ನು ಬದುಕಿಸಿದಳು. ಜಲಸಸ್ಯಗಳೂ ಜಲಚರಗಳೂ ಒಂದನ್ನೊಂದು ಪೋಷಿಸಬಲ್ಲವೆಂಬ ತತ್ತ್ವವನ್ನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ೧೮೫೦ರಲ್ಲಿ ಪ್ರಕಟಿಸಿದನು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸನು ಈ ವಿಷಯವಾಗಿ ಬರೆದ ಗ್ರಂಥವು ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿತು. ನಮ್ಮ ದೇಶದಲ್ಲಿ ೧೯೦೯ರಲ್ಲಿ ಮದರಾಸಿನಲ್ಲಿಯೂ ೧೯೫೧ರಲ್ಲಿ ಮುಂಬಯಿಯಲ್ಲಿಯೂ ಮತ್ಸ್ಯಾಗಾರಗಳು ತೆರೆದವು. ಇವೆರಡೂ ಕಡಲ ದಡದಲ್ಲಿಯೇ ಕಟ್ಟಿದವು. ನಮಗೆ ಆ ಸೌಕರ್ಯವಿಲ್ಲ. ನೀರನ್ನು ನಾವೇ ಕಡಲಾಗಿ ಮಾಡಿಕೊಳ್ಳಬೇಕು.

ಸಮುದ್ರದ ನೀರು ಬರಿಯ ಉಪ್ಪುನೀರಲ್ಲ. ೧೮೭೨ರಿಂದ ೧೮೭೬ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ನೌಕೆಯು ಸಾಗರಗಳನ್ನು ಸುತ್ತಿ ತಂದ ನೀರಿನ ೭೭ ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ವಿದ್ವಾಂಸನು ಪರೀಕ್ಷಿಸಿ, ೧೮೮೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಒಟ್ಟು ಲವಣವು ಸ್ಥಳದಿಂದ ಸ್ಥಳಕ್ಕೆ ಹೆಚ್ಚು ಕಡಮೆಯಾದರೂ ಮುಖ್ಯ ಲವಣಾಂಶಗಳ ಪರಸ್ಪರ ಪ್ರಮಾಣವು ಬಹುಮಟ್ಟಿಗೆ ಒಂದೇ ಆಗಿರುತ್ತದೆಂಬುದು ಅದರಿಂದ ಸ್ಥಿರಪಟ್ಟಿತು. ಕೃತಕ ಸಮುದ್ರಜಲದ ತಯಾರಿಕೆಗೆ ಈ ನಿಯಮವೇ ಭದ್ರವಾದ ತಳಹದಿ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುತ್ತದೆ. ಅದರಲ್ಲಿ ಕ್ಲೋರೈಡು ನೂರಕ್ಕೆ ೫೫ರಷ್ಟು, ಸೋಡಿಯಂ ೩೦ಕ್ಕೂ ತುಸು ಹೆಚ್ಚು. ಉಳಿದುದು ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವು. ಅಡುಗೆಯ ಉಪ್ಪಿನಿಂದ ಮೊದಲಿನ ಎರಡು ಮಾತ್ರ ಒದಗುವುದರಿಂದ ಅದು ಈ ಕೆಲಸಕ್ಕೆ ಬಾರದು. ಮತ್ಸ್ಯಾಗಾರಕ್ಕೆಂದೇ ಮಾರುವ ಸಮುದ್ರಲವಣದ ಮಿಶ್ರಣವನ್ನು ಕೊಳ್ಳತಕ್ಕದ್ದು.

ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಏನೇನು ಕರಗಿದೆಯೆಂಬುದು ಊರಿಂದೂರಿಗೆ ಬೇರೆ. ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಪೊರೆಯ ಮೂಲಕ ಸೋಸಿ ಕೊಡುವ ನೀರನ್ನು ಬಳಸುವುದು ಲೇಸು. ಇಂಥ ನೂರು ಲೀಟರ್ ನೀರಿಗೆ ಸುಮಾರು ಮೂರೂಮುಕ್ಕಾಲು ಕಿಲೋಗ್ರಾಂ ಮಿಶ್ರಣವನ್ನು ಬೇರೆ ಪಾತ್ರೆಯಲ್ಲಿ ಹಾಕಿ, ಒಂದು ದಿನ ಕದಡುತ್ತಿರಬೇಕು. ಬಳಿಕ ಸಾಂದ್ರತಾಮಾಪಕದಲ್ಲಿ ೧.೦೨೫ರ ಅಂಕ ಬರುವಂತೆ ನೀರನ್ನಾಗಲಿ ಲವಣವನ್ನಾಗಲಿ ಕೂಡಿಸಿ ಸರಿಪಡಿಸಬೇಕು.

ತೊಟ್ಟಿಯು ೭೫ ಸೆಂಟಿಮೀಟರ್ ಉದ್ದ, ೪೦ ಅಗಲ, ೪೦ ಎತ್ತರವಿದ್ದರೆ ಮರಳು ಕಲ್ಲುಗಳು ಹೋಗಿ ನೂರು ಲೀಟರಿನಷ್ಟು ನೀರು ನಿಲ್ಲುತ್ತದೆ. ಇನ್ನೂ ಚಿಕ್ಕದು ಸುಲಭವೆಂದು ಹೊಸಬರು ತಿಳಿಯುವುದುಂಟು. ವಾಸ್ತವವಾಗಿ ನೀರು ಕಡಮೆಯಾದಷ್ಟೂ ಅದರ ಉಷ್ಣ ಲವಣಗಳ ಏರಿಳಿತ ಹೆಚ್ಚು. ನೀರಿನ ಭಾರವೇ ನೂರು ಕಿಲೋಗ್ರಾಂ ಆಗುವುದರಿಂದ ಪೀಠವು ಗಟ್ಟಿಯಾಗಿಯೂ ಸಮತಲವಾಗಿಯೂ ಇರತಕ್ಕದ್ದು. ನೇರ ಬಿಸಿಲು ಬೀಳುವ ಕಡೆ ಇಡಲಾಗದು. ತಳಕ್ಕೆ ಸುಣ್ಣದಂಶದ ಮರಳು ಹೊಳೆಯ ಮರಳಿಗಿಂತ ಉತ್ತಮ; ನೀರಿನ ಕ್ಷಾರಗುಣವನ್ನು ಉಳಿಸಿಕೊಳ್ಳಲು ಅದು ನೆರವಾಗುತ್ತದೆ. ಅಲಂಕಾರಕ್ಕೆಂದು ಗುಡ್ಡದ ಕಲ್ಲುಗಳನ್ನು ಆಯ್ದು ತರಬಾರದು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿರುವುದನ್ನು ಎಲ್ಲರೂ ಬಲ್ಲರು, ಮತ್ತು ಲೋಹಾಂಶವು ನೀರಿಗಿಳಿದರೆ ಸಿಗಡಿ ಶಂಖದಹುಳುಗಳಿಗೆ ಅಪಾಯ. ಸುಟ್ಟ ಮಣ್ಣಿನಿಂದ ಮಾಡಿದ, ರಂಧ್ರಗಳುಳ್ಳ ಬಿಲ್ಲೆಗಳು ಸಾಕು.

ಶೋಧಕದಲ್ಲಿ ಬಳಸುವ ವಸ್ತುಗಳ ಪೈಕಿ ಒಂದು ನಮ್ಮದೇ ಸೀಮೆಯ ಉತ್ಪನ್ನಕ್ಕೆ ನಂಟುಳ್ಳದ್ದು. ನೀರಿನ ಹಳದಿ ಬಣ್ಣವನ್ನೂ ವಾಸನೆಯನ್ನೂ ಹೀರುವ ಪಟುಗೊಳಿಸಿದ ಇದ್ದಿಲಿಗೆ ತೆಂಗಿನ ಕರಟವು ಶ್ರೇಷ್ಠವಾದ ಕಚ್ಚಾವಸ್ತು. ಕರಟದ ಇದ್ದಿಲು ಗಟ್ಟಿ, ಅದರ ರಂಧ್ರಗಳು ಅತಿ ಸೂಕ್ಷ್ಮ. ಆದರೆ ಒಲೆಯ ಇದ್ದಿಲನ್ನೇ ತೊಟ್ಟಿಗೆ ಹಾಕಲಾಗದು. ಸುಟ್ಟ ಕರಟವನ್ನು ಮತ್ತೆ ತೀವ್ರ ಉಷ್ಣದಲ್ಲಿ ಹಬೆಗೆ ಒಡ್ಡಿದಾಗಲೇ ಆ ಹೀರುವ ಗುಣ ಪೂರ್ಣವಾಗಿ ಬರುತ್ತದೆ. ಇನ್ನೊಂದು ಮಾತು: ಇದ್ದಿಲು ಅಮೋನಿಯವನ್ನು ಹೀರದು. ನಮ್ಮ ನೀರು ತಿಳಿಯಾಗಿದ್ದೂ ಮೀನುಗಳು ಸತ್ತುದರ ಗುಟ್ಟು ಇಲ್ಲಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಮೀನಿನ ಕಿವಿರುಗಳಿಂದ ಅಮೋನಿಯವು ಸದಾ ಹೊರಬೀಳುತ್ತದೆ. ತಿಂದುಳಿದ ಆಹಾರ ಕೊಳೆತಾಗಲೂ ಅದೇ ಉಂಟಾಗುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಸಮುದ್ರಜಲದಂಥ ಕ್ಷಾರಗುಣದ ನೀರಿನಲ್ಲಿ ಇನ್ನಷ್ಟು ಉಗ್ರ. ಸೂಕ್ಷ್ಮಜೀವಿಗಳ ಒಂದು ವರ್ಗ ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ವರ್ಗ ನೈಟ್ರೈಟನ್ನು ಅಷ್ಟಾಗಿ ಕೆಡುಕಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ೧೮೯೦ರ ಸುಮಾರಿನಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿಯು ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಇವು ಮರಳು, ಬಿಲ್ಲೆ, ಶೋಧಕಗಳ ಮೈಗೆ ಅಂಟಿ ಬಾಳುತ್ತವೆ. ಬೆಳೆಯುವುದು ಬಹು ನಿಧಾನ. ಹೊಸ ತೊಟ್ಟಿಯಲ್ಲಿ ಅವು ಬೇಕಾದಷ್ಟು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಆ ಅವಧಿಯಲ್ಲಿ ತೊಟ್ಟಿಯಲ್ಲಿ ಮೀನಿರಬಾರದು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ ಅದು ಕೊಳೆತು ಸೂಕ್ಷ್ಮಜೀವಿಗಳಿಗೆ ಅಮೋನಿಯ ಒದಗುತ್ತದೆ. ಅಂಗಡಿಯಲ್ಲಿ ದೊರೆಯುವ ಪರೀಕ್ಷಾದ್ರವಗಳಿಂದ ಎರಡು ದಿನಕ್ಕೊಮ್ಮೆ ನೀರನ್ನು ಪರೀಕ್ಷಿಸಿ ಬರೆದಿಡಬೇಕು. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಬಳಿಕ ನೈಟ್ರೈಟು ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟು ಕಾಣಿಸಿಕೊಳ್ಳುತ್ತದೆ. ಆಹಾರವನ್ನು ಹಾಕುತ್ತಿದ್ದರೂ ಮೊದಲಿನ ಎರಡು ಸೊನ್ನೆಯಲ್ಲಿಯೇ ನಿಂತರೆ ನೀರು ಪಕ್ವವಾಯಿತೆಂದು ತಿಳಿಯಬೇಕು.

ಉಂಡೆಕೊಬ್ಬರಿಯ ಕ್ರಮವನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟುಕೊಳ್ಳುವುದು ಹೊರಗಿನವರಿಗೆ ಕಾಣದು; ಅಲುಗಿಸಿ ಸದ್ದು ಕೇಳಿಯೇ ತಿಳಿಯಬೇಕು. ಅಟ್ಟದ ಕಾಯಿಗೆ ಸದ್ದು ಹೇಗೋ ತೊಟ್ಟಿಗೆ ಆ ಎರಡು ಸೊನ್ನೆಗಳು ಹಾಗೆ. ಏರಿಸಿದ ವಾರದಲ್ಲಿಯೇ ಕಾಯನ್ನು ಒಡೆದವನಿಗೆ ಕೊಬ್ಬರಿ ದಕ್ಕದು. ನಾವು ಮಾಡಿದ ತಪ್ಪು ಇದೇ. ದಂಡವನ್ನು ತೆತ್ತವು ಮಾತ್ರ ಮೀನುಗಳು.

ನೀರು ಪಕ್ವವಾದ ಮೇಲೆ ಮೊದಲು ಒಂದೆರಡು ಗಟ್ಟಿಜೀವದ ಮೀನುಗಳನ್ನಷ್ಟೇ ತರಬೇಕು. ಕಿತ್ತಳೆ ಬಣ್ಣದ ಮೈಯಲ್ಲಿ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನಿನ ಜೋಡಿ ಇದಕ್ಕೆ ತಕ್ಕದು. ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇವುಗಳ ಸಂತಾನವನ್ನು ತೊಟ್ಟಿಗಳಲ್ಲಿಯೇ ಬೆಳೆಸುವ ವಿಧಾನವನ್ನು ರೂಢಿಗೆ ತಂದಿದೆ. ತಂದ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದು ಗಂಟೆಯ ಕಾಲ ಕೂಡಿಸಿ, ಮೀನನ್ನು ಮಾತ್ರ ಒಳಗೆ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಎರಡು ಮೂರು ವಾರ ಎಲ್ಲವೂ ನೆಟ್ಟಗಿದ್ದರೆ ಪಾಚಿಯನ್ನು ತಿನ್ನುವ ಕೆಲವು ಶಂಖದಹುಳುಗಳನ್ನು, ಆಮೇಲೆ ಒಂದು ಸಿಗಡಿಯನ್ನು ಸೇರಿಸಬಹುದು. ನೂರು ಲೀಟರಿನ ಕಡಲಿಗೆ ಇಷ್ಟೇ ಪ್ರಜೆಗಳು ಸಾಕು.

ಪಾಲನೆಯಲ್ಲಿ ಮೂರು ಎಚ್ಚರಗಳು. ಆವಿಯಾಗುವುದು ನೀರು, ಲವಣವಲ್ಲ. ಆದುದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಎರಡು ವಾರಕ್ಕೊಮ್ಮೆ ನೀರಿನ ಹತ್ತನೆಯ ಒಂದು ಪಾಲನ್ನು ತೆಗೆದು, ಹೊಸದಾಗಿ ಬೆರೆಸಿದ ಸಮುದ್ರಜಲವನ್ನು ಹಾಕಬೇಕು. ಶೋಧಕದ ಬಿಲ್ಲೆಗಳನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದರೆ ವಾರಗಟ್ಟಲೆಯ ಪಾಕವೆಲ್ಲ ಒಂದೇ ಗಳಿಗೆಯಲ್ಲಿ ಹಾಳಾಗುತ್ತದೆ. ಮೂರನೆಯದು ವಿದ್ಯುತ್ತು. ಅದು ನಿಂತರೆ ನೀರಿನ ಚಲನೆ ನಿಂತು ಆಮ್ಲಜನಕ ಕುಂದುವುದರಿಂದ, ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಕೈಯಳತೆಯಲ್ಲಿರಬೇಕು. ಉಷ್ಣವು ೨೫ರಿಂದ ೨೭ ಡಿಗ್ರಿಗಳ ನಡುವೆ ಇರುವಂತೆ ಮಾಗಿಯಲ್ಲಿ ತಾಪಕವನ್ನೂ ಬೇಸಗೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನನ್ನೂ ಉಪಯೋಗಿಸಬಹುದು.

ಕೊನೆಯದಾಗಿ ಇತಿಹಾಸದ ಒಂದು ಪಾಠವನ್ನು ಹೇಳದೆ ಮುಗಿಸುವಂತಿಲ್ಲ. ಗಾಸನ ಗ್ರಂಥಗಳನ್ನು ಓದಿದ ಜನರು ಇಂಗ್ಲೆಂಡಿನ ತೀರಗಳಿಗೆ ಮುಗಿಬಿದ್ದು ಬಂಡೆಗಳ ನಡುವಿನ ಮಡುಗಳನ್ನು ಬರಿದುಮಾಡಿದರು. ಅವನ ಮಗ ಎಡ್ಮಂಡ್ ಗಾಸನು ೧೯೦೭ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಈ ನಾಶವನ್ನು ನೆನೆದು ಮರುಗಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಕಡಲ ಸೂರೆಗೆ ದಾರಿಯಾಯಿತು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯನ್ನು ೨೦೦೧ರಲ್ಲಿ ಹವಳ, ಕಡಲಕುದುರೆ, ಕಡಲಸೌತೆಗಳಿಗೂ ವಿಸ್ತರಿಸಲಾಯಿತು. ಇವುಗಳನ್ನು ಯಾರಾದರೂ ಮಾರಲು ಬಂದರೂ ಕೊಳ್ಳಲಾಗದು. ಮಿಕ್ಕವುಗಳಲ್ಲಿಯೂ ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಜೀವಿಗಳನ್ನೇ ಕೇಳಿ ಪಡೆಯುವುದು ಧರ್ಮ.

ನಮ್ಮ ಎರಡನೆಯ ಪ್ರಯತ್ನದಲ್ಲಿ ಆರು ವಾರಗಳ ಕಾಲ ಕೊಠಡಿಯಲ್ಲಿ ಬರಿಯ ನೀರು, ಮರಳುಗಳ ತೊಟ್ಟಿಯೊಂದು ಕುಳಿತಿತ್ತು. ಇದರಲ್ಲಿ ಏನಿದೆಯೆಂದು ವಿದ್ಯಾರ್ಥಿಗಳು ದಿನವೂ ಕೇಳುತ್ತಿದ್ದರು. ಪರೀಕ್ಷೆಯ ಅಂಕಗಳನ್ನು ಬರೆದಿಡುವ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಎರಡು ಸೊನ್ನೆಗಳು ಬಂದ ದಿನ ಅವರೇ ಓಡಿಬಂದು ತಿಳಿಸಿದರು. ಈಗ ಅದರಲ್ಲಿ ಎರಡು ಮೀನುಗಳಿವೆ. ಆರು ವಾರ ಕಾಯಲಾರದವರು ಈ ಕಾರ್ಯಕ್ಕೆ ತೊಡಗದಿರುವುದೇ ಮೇಲು. ಅವರು ಕಾರವಾರಕ್ಕೋ ಮಲ್ಪೆಗೋ ಹೋಗಿ, ಇಳಿತದ ವೇಳೆಯಲ್ಲಿ ಬಂಡೆಗಳ ನಡುವಿನ ಮಡುಗಳನ್ನು ಕಣ್ತುಂಬ ನೋಡಿ, ಬರಿಗೈಯಲ್ಲಿ ಹಿಂದಿರುಗಬಹುದು.